ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಕಬ್ಬಿಣದ ಹನಿ: ಎಷ್ಟು, ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ನನ್ನ ಹೆಂಡತಿಗೆ 33ನೇ ವಾರಕ್ಕೇ ಹೆರಿಗೆ ಆಯಿತು. ಹೆಣ್ಣು ಕೂಸು, ಹುಟ್ಟಿದಾಗ ತೂಕ 1 ಕೆ.ಜಿ. 600 ಗ್ರಾಂ. 19 ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, 1 ಕೆ.ಜಿ. 700 ಗ್ರಾಂ ಆದ ಮೇಲೆ ಮನೆಗೆ ಕಳಿಸಿದರು. ಈಗ 50 ದಿನ, ತೂಕ 2 ಕೆ.ಜಿ. 400 ಗ್ರಾಂ. ಎದೆಹಾಲು ಮಾತ್ರ. ಡಿಸ್ಚಾರ್ಜ್ ಮಾಡುವಾಗ ಕಬ್ಬಿಣದ ಡ್ರಾಪ್ಸ್ ದಿನಾ 0.4 ಮಿ.ಲೀ. ಹಾಕಿ ಅಂದಿದ್ದರು. ಅದು ಮುಗಿಯಿತು. ಮೆಡಿಕಲ್‌ನಲ್ಲಿ ಆ ಕಂಪನಿಯದು ಇಲ್ಲ ಅಂತ ಬೇರೆ ಕೊಟ್ಟರು. 6 ದಿನದಿಂದ ಅದನ್ನೂ 0.4 ಹಾಕುತ್ತಿದ್ದೇವೆ. ನಿನ್ನೆ ನೋಡಿದರೆ ಹಳೆ ಬಾಟಲಿ ಮೇಲೆ 10 ಮಿ.ಗ್ರಾಂ ಅಂತ ಇದೆ, ಹೊಸದರ ಮೇಲೆ 50 ಮಿ.ಗ್ರಾಂ ಅಂತ ಇದೆ. ಕೂಸಿಗೆ ಕಪ್ಪಗೆ ಭೇದಿ ಹೋಗುತ್ತಿದೆ. ಇದು ಉಷ್ಣದ ಔಷಧಿ, ನಿಲ್ಲಿಸು, ಬಾಣಂತಿನೇ ಕಬ್ಬಿಣದ ಗುಳಿಗೆ ತಗೊಂಡರೆ ಹಾಲಿನಲ್ಲಿ ಕೂಸಿಗೆ ಇಳಿಯುತ್ತದೆ ಅಂತ ನಮ್ಮ ಅವ್ವ ಹೇಳುತ್ತಾಳೆ. ಏನು ಮಾಡಬೇಕು? ಎಲ್ಲಿಯವರೆಗೆ ಹಾಕಬೇಕು?

ಉತ್ತರ: ಮೊದಲು ಇವತ್ತಿನ ಕೆಲಸ. ಹೊಸ ಬಾಟಲಿಯಿಂದ ಹಾಕುವುದನ್ನು ಈಗಲೇ ನಿಲ್ಲಿಸಿ. ಬಾಟಲಿ ಮೇಲಿನ ಅಂಕಿ 1 ಮಿ.ಲೀ.ಗೆ ಎಂದು ಹಿಡಿದರೆ, ಹಳೆಯದರಲ್ಲಿ 0.4 ಮಿ.ಲೀ. ಅಂದರೆ 4 ಮಿ.ಗ್ರಾಂ ಕಬ್ಬಿಣ. ಹೊಸದರಲ್ಲಿ ಅದೇ 0.4ಕ್ಕೆ 20 ಮಿ.ಗ್ರಾಂ. ನಿಮ್ಮ ಕೂಸಿಗೆ ಈಗಿನ ತೂಕಕ್ಕೆ ದಿನಕ್ಕೆ ಸುಮಾರು 5 ಮಿ.ಗ್ರಾಂ ಬೇಕಿತ್ತು, ನಾಲ್ಕು ಪಟ್ಟು ಹೋಗಿದೆ.

ಹಾಗಂತ ಎದೆ ಒಡೆದುಕೊಳ್ಳಬೇಡಿ. ಕಬ್ಬಿಣ ಒಂದೇ ಸಲಕ್ಕೆ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ ದಾಟಿದಾಗ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತವೆ. 60 ದಾಟಿದರೆ ಜೀವಕ್ಕೇ ಅಪಾಯ. ನಿಮ್ಮ ಕೂಸಿಗೆ ಹೋಗಿರುವುದು ಕೆ.ಜಿ.ಗೆ 8 ಚಿಲ್ಲರೆ. ಆದರೂ ಇಷ್ಟು ಸಣ್ಣ ಕೂಸಾದ್ದರಿಂದ ಇವತ್ತೇ ಮಕ್ಕಳ ವೈದ್ಯರಿಗೆ ಫೋನ್ ಮಾಡಿ ತಿಳಿಸಿ, ಒಂದೆರಡು ದಿನದಲ್ಲಿ ತೋರಿಸಿ. ಎರಡೂ ಬಾಟಲಿ ಮತ್ತು ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಪದೇಪದೇ ವಾಂತಿ, ಹೊಟ್ಟೆ ಉಬ್ಬರ, ಮಲದಲ್ಲಿ ರಕ್ತ, ನೀರಿನಂಥ ಭೇದಿ, ಹಾಲು ಬಿಡುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ರಾತ್ರಿಯಾದರೂ ಸರಿ, ನವಜಾತ ಶಿಶು ಘಟಕ ಇರುವ ಆಸ್ಪತ್ರೆಗೆ ಹೊರಡಿ. ನೀವು ‘ಭೇದಿ’ ಅಂದಿರುವುದು ಬರೀ ಬಣ್ಣವೋ, ನೀರಾಗಿ ಹೋಗುತ್ತಿದೆಯೋ ಎನ್ನುವುದನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಆದರೆ ಕಬ್ಬಿಣವನ್ನೇ ಪೂರ್ತಿ ಬಿಡುವ ಹಾಗಿಲ್ಲ. ತಾಯಿಯಿಂದ ಕೂಸಿಗೆ ಕಬ್ಬಿಣ ಸೇರುವುದು ಹೆಚ್ಚಾಗಿ ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ತಿಂಗಳು ತುಂಬಿ 3 ಕೆ.ಜಿ. ತೂಗುವ ಕೂಸು ಮೈಯಲ್ಲಿ 225 ಮಿ.ಗ್ರಾಂ ಹತ್ತಿರ ಕಬ್ಬಿಣದ ಗಂಟು ಕಟ್ಟಿಕೊಂಡೇ ಬರುತ್ತದೆ, ಅದರಲ್ಲಿ ನಾಲ್ಕರಿಂದ ಆರು ತಿಂಗಳು ತಳ್ಳುತ್ತದೆ. 33 ವಾರಕ್ಕೆ ಬಂದ ಕೂಸಿನ ಗಂಟು ಅದರ ಅರ್ಧದಷ್ಟು. ಮೇಲಾಗಿ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ತೆಗೆಯುವ ಪ್ರತಿ 1 ಮಿ.ಲೀ. ರಕ್ತದ ಜೊತೆ ಸುಮಾರು ಅರ್ಧ ಮಿ.ಗ್ರಾಂ ಹೊರಗೆ ಹೋಗುತ್ತದೆ.

ಖರ್ಚು ಮಾತ್ರ ದೊಡ್ಡದು. ಕೆ.ಜಿ. ತೂಕಕ್ಕೆ 80 ಮಿ.ಲೀ.ನಷ್ಟು ರಕ್ತ ಎಂದು ಹಿಡಿದರೆ, 1.6 ಕೆ.ಜಿ. ಇದ್ದ ಕೂಸು 4.8 ಕೆ.ಜಿ. ಆಗುವಷ್ಟರಲ್ಲಿ 250 ಮಿ.ಲೀ. ಹೊಸ ರಕ್ತ ತಯಾರಿಸಬೇಕು. ಅದಕ್ಕೊಂದಕ್ಕೇ 90 ಮಿ.ಗ್ರಾಂ ಕಬ್ಬಿಣ ಬೇಕು. ಎದೆಹಾಲಿನಲ್ಲಿರುವುದು ಲೀಟರಿಗೆ ಅರ್ಧ ಮಿ.ಗ್ರಾಂಗೂ ಕಡಿಮೆ. ಎದೆಹಾಲಿನಷ್ಟು ಒಳ್ಳೆಯದು ಈ ಕೂಸಿಗೆ ಬೇರೆ ಇಲ್ಲ, ಈ ಒಂದು ಲೆಕ್ಕದಲ್ಲಿ ಮಾತ್ರ ಅದು ಸಾಲದು. ತಾಯಿ ಎಷ್ಟು ಗುಳಿಗೆ ನುಂಗಿದರೂ ಹಾಲಿನ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಾಣಂತಿ ತನ್ನ ಮಾತ್ರೆಯನ್ನು ಹೆರಿಗೆಯಾದ ಮೇಲೆ 180 ದಿನ ತಪ್ಪದೆ ತಗೊಳ್ಳಲಿ, ಅದು ಅವರ ರಕ್ತಕ್ಕೆ. ಕೂಸಿನ ಪಾಲನ್ನು ಕೂಸಿನ ಬಾಯಿಗೇ ಹಾಕಬೇಕು.

ಇನ್ನೊಂದು ಮಾತು ಮನೆಯವರಿಗೆಲ್ಲ ಗೊತ್ತಿರಲಿ. ಕಬ್ಬಿಣ ಕಡಿಮೆ ಬಿದ್ದಾಗ ಕೂಸಿನ ಮೈ ಇದ್ದುದನ್ನು ಮೊದಲು ರಕ್ತಕ್ಕೆ ಕೊಡುತ್ತದೆ, ಮಿದುಳಿನ ಪಾಲಿಗೆ ಕತ್ತರಿ ಹಾಕುತ್ತದೆ. ನರಗಳ ಮೇಲಿನ ಹೊದಿಕೆ ಕಟ್ಟಲು, ನೆನಪಿನ ಭಾಗ ಬೆಳೆಯಲು ಕಬ್ಬಿಣ ಬೇಕೇ ಬೇಕು. ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ರಿಪೋರ್ಟ್ ಬಂದ ಕೂಸಿನ ಮಿದುಳಿಗೂ ಕೊರತೆ ಇರಬಹುದು. ಸ್ವೀಡನ್‌ನಲ್ಲಿ 2ರಿಂದ 2.5 ಕೆ.ಜಿ. ತೂಕದ ಕೂಸುಗಳಿಗೆ 6 ವಾರದಿಂದ 6 ತಿಂಗಳವರೆಗೆ ಹನಿ ಹಾಕಿ ನೋಡಿದಾಗ, ಮೂರೂವರೆ ವರ್ಷದ ಹೊತ್ತಿಗೆ ವರ್ತನೆಯ ತೊಂದರೆಗಳು ಹಾಕಿಸಿಕೊಂಡವರಲ್ಲಿ ಕಡಿಮೆ ಇದ್ದವು. ತಿಂಗಳು ತುಂಬಿದ್ದರೂ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕ ಹುಟ್ಟಿದ ಕೂಸುಗಳಿಗೂ ಹನಿ ಹಾಕಿಸುವುದು ಇದಕ್ಕೇ.

ಈಗ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕೆ.ಜಿ.ಗೆ 2ರಿಂದ 4 ಮಿ.ಗ್ರಾಂ, ಎರಡನೇ ವಾರದಿಂದ 6 ತಿಂಗಳವರೆಗೆ. ಹೆಚ್ಚಿನ ವೈದ್ಯರು ಎದೆಹಾಲು ಕುಡಿಯುವ ಇಂಥ ಕೂಸುಗಳಿಗೆ 2ರಿಂದ 3ರಲ್ಲಿ ಇಡುತ್ತಾರೆ. ನಿಮ್ಮ ಕೂಸು 1.7 ಕೆ.ಜಿ. ಇದ್ದಾಗ ಬರೆದುಕೊಟ್ಟ 4 ಮಿ.ಗ್ರಾಂ ಸರಿಯಾಗಿಯೇ ಇತ್ತು. ಈಗ 2.4 ಕೆ.ಜಿ.ಗೆ ಅದೇ 4 ಕೊಟ್ಟರೆ ಕೆ.ಜಿ.ಗೆ 1.7ಕ್ಕೆ ಇಳಿಯುತ್ತದೆ. ಬಾಟಲಿ ಬದಲಾಗದಿದ್ದರೂ ನಿಮ್ಮ ಡೋಸ್ ಈ ಹೊತ್ತಿಗೆ ತಪ್ಪಿಹೋಗಿರುತ್ತಿತ್ತು, ಕಡಿಮೆಯ ಕಡೆಗೆ. ನಿಜ ಹೇಳಬೇಕೆಂದರೆ ಹೆಚ್ಚಾಗಿ ಆಗುವ ತಪ್ಪು ಇದೇ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಮಿ.ಲೀ. ಕೂಸಿಗೆ ಐದು ತಿಂಗಳಾದರೂ ಹಾಗೇ ನಡೆದಿರುತ್ತದೆ.

1 ಮಿ.ಲೀ.ಗೆ 10 ಮಿ.ಗ್ರಾಂ ಇರುವ ಬಾಟಲಿ, ಕೆ.ಜಿ.ಗೆ 2 ಮಿ.ಗ್ರಾಂ ಡೋಸ್, ಈ ಎರಡೂ ಇದ್ದಾಗ ತೂಕವನ್ನು 0.2ರಿಂದ ಗುಣಿಸಿದರೆ ಮಿ.ಲೀ. ಸಿಗುತ್ತದೆ. 2.4 ಕೆ.ಜಿ.ಗೆ ಅರ್ಧ ಮಿ.ಲೀ. ಹತ್ತಿರ, 3 ಕೆ.ಜಿ.ಗೆ 0.6, 4 ಕೆ.ಜಿ.ಗೆ 0.8, 5 ಕೆ.ಜಿ.ಗೆ 1 ಮಿ.ಲೀ. ವೈದ್ಯರು 3 ಮಿ.ಗ್ರಾಂ ಅಂದರೆ 0.2ರ ಜಾಗದಲ್ಲಿ 0.3. ಎರಡು ವಾರಕ್ಕೊಮ್ಮೆ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆ ಬಂದಾಗಲೋ ತೂಕ ಹಾಕಿಸಿ. ಅರ್ಧ ಕೆ.ಜಿ. ಏರಿದಾಗಲೆಲ್ಲ ವೈದ್ಯರಿಗೆ ಹೊಸ ತೂಕ ತಿಳಿಸಿ ಡೋಸ್ ಬದಲಿಸಿಕೊಳ್ಳಿ.

ಬಾಟಲಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಯಾಕೆಂದರೆ ನಿಮಗೆ ಆದದ್ದು ಯಾರಿಗೂ ಆಗಬಹುದು. ಅಂಗಡಿಯಲ್ಲಿ ‘ಐರನ್ ಡ್ರಾಪ್ಸ್’ ಎಂದು ಕೇಳಿದರೆ 1 ಮಿ.ಲೀ.ಗೆ 10 ಮಿ.ಗ್ರಾಂ ಇರುವುದೂ ಬರುತ್ತದೆ, 25 ಇರುವುದೂ 50 ಇರುವುದೂ ಬರುತ್ತದೆ. ಎಲ್ಲಕ್ಕೂ ಅದೇ ಕಂದು ಬಣ್ಣ, ಅಂಥದೇ ಸಣ್ಣ ಡಬ್ಬಿ. ಫೆರಸ್ ಆಸ್ಕಾರ್ಬೇಟ್ ಹನಿಗಳಲ್ಲಿ 10, ಪಾಲಿಮಾಲ್ಟೋಸ್ ಹನಿಗಳಲ್ಲಿ 50 ಸಾಮಾನ್ಯ. ಸಿರಪ್ ಆದರೆ ಲೆಕ್ಕ 5 ಮಿ.ಲೀ.ಗೆ ಬರೆದಿರುತ್ತದೆ, ಅದನ್ನು 1 ಮಿ.ಲೀ.ಗೆ ಎಂದು ಓದಿಬಿಡುವವರಿದ್ದಾರೆ. ಲೇಬಲ್ ಮೇಲೆ ನೋಡಬೇಕಾದ ಪದ ‘ಎಲಿಮೆಂಟಲ್ ಐರನ್’. ಅದು ಶುದ್ಧ ಕಬ್ಬಿಣದ ತೂಕ. ಅದರ ಪಕ್ಕದಲ್ಲಿ ಕಬ್ಬಿಣ ಸೇರಿರುವ ಇಡೀ ರಾಸಾಯನಿಕದ (‘ಸಾಲ್ಟ್’) ತೂಕ ದೊಡ್ಡ ಅಂಕಿಯಲ್ಲಿ ಇರಬಹುದು, ಅದಕ್ಕೆ ಮೋಸಹೋಗಬೇಡಿ: ಫೆರಸ್ ಫ್ಯೂಮರೇಟ್‌ನಲ್ಲಿ ಕಬ್ಬಿಣ ಮೂರನೇ ಒಂದು ಭಾಗ, ಗ್ಲುಕೋನೇಟ್‌ನಲ್ಲಿ ಎಂಟನೇ ಒಂದು ಭಾಗ ಮಾತ್ರ. ಅಂಗಡಿಯವರು ಬದಲಿ ಕೊಟ್ಟರೆ ಹಳೆ ಬಾಟಲಿ ಪಕ್ಕದಲ್ಲಿಟ್ಟು ಈ ಒಂದು ಅಂಕಿ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ತರಬೇಡಿ. ನಿಮ್ಮ 50 ಮಿ.ಗ್ರಾಂ ಬಾಟಲಿಯನ್ನೇ ಬಳಸಬಹುದಲ್ಲ, 0.1 ಮಿ.ಲೀ. ಹಾಕಿದರಾಯಿತು ಎನ್ನಿಸಬಹುದು. ಲೆಕ್ಕ ಸರಿ, ಆದರೆ ಆ ಡ್ರಾಪರ್‌ನಲ್ಲಿ 0.1 ನಿಖರವಾಗಿ ಅಳೆಯಲು ಆಗದು. ಒಂದು ಗೆರೆ ಅತ್ತಿತ್ತ ಆದರೆ ಡೋಸ್ ಇಮ್ಮಡಿ.

ಹನಿ ಎಣಿಸುವುದನ್ನೂ ಬಿಡಿ. ‘20 ಹನಿಗೆ 1 ಮಿ.ಲೀ.’ ಎನ್ನುವುದು ನೀರಿನ ಲೆಕ್ಕ, ಸಿರಪ್ ಮಂದ, ಡ್ರಾಪರ್‌ನ ತೂತೂ ಒಂದೊಂದಕ್ಕೆ ಒಂದೊಂದು ಥರ. ಒಂದು ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಹಾಕಬಾರದು. ಎಲ್ಲಕ್ಕಿಂತ ಒಳ್ಳೆಯದು ಸೂಜಿ ತೆಗೆದ 1 ಮಿ.ಲೀ. ಸಿರಿಂಜ್. ಕೇಳುವಾಗ ಇನ್ಸುಲಿನ್ ಸಿರಿಂಜ್ ಕೊಟ್ಟರೆ ವಾಪಸ್ ಮಾಡಿ. 40 ಯೂನಿಟ್‌ನ ಇನ್ಸುಲಿನ್ ಸಿರಿಂಜ್‌ನಲ್ಲಿ ‘40’ ಎಂಬ ಗೆರೆ ಪೂರ್ತಿ 1 ಮಿ.ಲೀ., 0.4 ಅಲ್ಲ. 5 ಮಿ.ಲೀ. ಸಿರಿಂಜ್‌ನಲ್ಲಿ ಒಂದೊಂದು ಸಣ್ಣ ಗೆರೆ 0.2 ಆದ್ದರಿಂದ ಅರ್ಧ ಮಿ.ಲೀ. ಅಳೆಯುವುದಕ್ಕೆ ಅದೂ ಬೇಡ.

ಹಾಕುವ ರೀತಿ: ಕೈ ತೊಳೆದು, ಬಾಟಲಿ ಅಲುಗಾಡಿಸಿ, ಸಿರಿಂಜ್‌ಗೆ ಎಳೆದುಕೊಂಡು ಗಾಳಿಗುಳ್ಳೆ ಹೊರಗೆ ತಳ್ಳಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಕೂಸಿನ ತಲೆ ಎತ್ತರಕ್ಕಿರಲಿ. ಸಿರಿಂಜ್ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ, ಗಂಟಲಿಗೆ ಗುರಿ ಇಟ್ಟರೆ ನೆತ್ತಿಗೇರುತ್ತದೆ. ಒಳಲೆಯಲ್ಲಿ ಕುಡಿಯುವ ಕೂಸಾದರೆ ಹಿಂಡಿದ ಎದೆಹಾಲು ಎರಡು ಮೂರು ಮಿ.ಲೀ.ನಲ್ಲಿ ಮಾತ್ರ ಬೆರೆಸಿ ಮೊದಲು ಕುಡಿಸಿ, ಆಮೇಲೆ ಉಳಿದ ಹಾಲು. ಒಳಲೆ ತುಂಬ ಹಾಲಿಗೆ ಬೆರೆಸಿದರೆ ಕೂಸು ಅರ್ಧಕ್ಕೇ ಬಾಯಿ ಮುಚ್ಚಿದಾಗ ಔಷಧಿಯೂ ಅರ್ಧ ಒಳಲೆಯಲ್ಲೇ ಉಳಿಯುತ್ತದೆ. ಒಂದು ಹಾಲಿಗೂ ಇನ್ನೊಂದಕ್ಕೂ ನಡುವೆ ಹಾಕಿದರೆ ಚೆನ್ನಾಗಿ ಹತ್ತುತ್ತದೆ. ವಾಂತಿ ಮಾಡಿದರೆ ಡೋಸ್ ಎರಡು ಹೊತ್ತಿಗೆ ಹಂಚಬಹುದು. ಕಕ್ಕಿದ್ದಕ್ಕೆ ಬದಲಿ ಎಂದು ಮತ್ತೆ ಹಾಕಬೇಡಿ. ಒಂದು ದಿನ ತಪ್ಪಿದರೆ ನಷ್ಟವಿಲ್ಲ, ಎರಡು ಸಲ ಬಿದ್ದರೆ ತೊಂದರೆ. ಬೆಳಿಗ್ಗೆ ಬಾಣಂತಿ, ಸಂಜೆ ಅಜ್ಜಿ, ಇಬ್ಬರೂ ಹಾಕಿಬಿಡುವ ಮನೆಗಳಿವೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೀಟು ಎಳೆಯಿರಿ.

ನಿಮ್ಮ ಚೀಟಿಯಲ್ಲಿ ಕ್ಯಾಲ್ಸಿಯಂ ಸಿರಪ್, ವಿಟಮಿನ್ ಡಿ, ಮಲ್ಟಿವಿಟಮಿನ್ ಹನಿಯೂ ಇರಬಹುದು. ಕ್ಯಾಲ್ಸಿಯಂ ಜೊತೆಯಲ್ಲೇ ಹೋದರೆ ಕಬ್ಬಿಣ ಹತ್ತುವುದಿಲ್ಲ, ಎರಡು ತಾಸು ಅಂತರ ಬೇಕು. ಕೆಲವು ಮಲ್ಟಿವಿಟಮಿನ್ ಹನಿಗಳಲ್ಲಿ, ಎದೆಹಾಲಿಗೆ ಬೆರೆಸುವ ಪುಡಿಗಳಲ್ಲಿ, ಡಬ್ಬಿ ಹಾಲಿನಲ್ಲಿ ಕಬ್ಬಿಣ ಮೊದಲೇ ಇರುತ್ತದೆ. ಅದನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು, ಹಾಗಾಗಿ ಎಲ್ಲ ಬಾಟಲಿಗಳನ್ನೂ ವೈದ್ಯರ ಮುಂದೆ ಇಡಿ.

ಇನ್ನು ಅವ್ವನ ಮಾತು. ಕಬ್ಬಿಣ ಪೂರ್ತಿ ಹೀರಲ್ಪಡುವುದಿಲ್ಲ, ಉಳಿದದ್ದು ಮಲದಲ್ಲಿ ಬೆರೆತು ಕಪ್ಪೋ ಕಡು ಹಸಿರೋ ಆಗುತ್ತದೆ. ಸರಿಯಾದ ಡೋಸ್‌ನಲ್ಲೂ ಹಾಗೇ. ಮಲ ಟಾರಿನಂತೆ ಅಂಟಂಟಾಗಿ ಕೂಸು ಸೊರಗಿದ್ದರೆ, ಅಥವಾ ಕೆಂಪು ಕಂಡರೆ ಮಾತು ಬೇರೆ. ಉಷ್ಣ ಎನ್ನುವುದಕ್ಕೆ ಆಧಾರವಿಲ್ಲ. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡಲು ಮರೆಯದ ನಮ್ಮ ಮನೆಗಳಲ್ಲಿ ಹೊಟ್ಟೆಗೆ ಹೋಗುವ ಕಬ್ಬಿಣಕ್ಕೆ ಮಾತ್ರ ಯಾಕಿಷ್ಟು ಹೆದರಿಕೆಯೋ! ‘ತಂಪು ಮಾಡಲು’ ಸಕ್ಕರೆ ನೀರು, ಖರ್ಜೂರದ ನೀರು, ಜೇನು ಕೊಡಬೇಡಿ. ರಾಯಚೂರಿನ ಬೇಸಿಗೆಯಲ್ಲೂ ಆರು ತಿಂಗಳೊಳಗಿನ ಕೂಸಿಗೆ ಎದೆಹಾಲಿನ ನೀರೇ ಸಾಕು.

ಅಜ್ಜಿಯಂದಿರು ತೇದು ನೆಕ್ಕಿಸುವ ಗುಟ್ಟಿಯ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಅದರಲ್ಲಿ ಅಳಲೆಕಾಯಿ, ಮಾಚಿಕಾಯಿ ಇರುತ್ತವೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದರು. ಕಾಯಿಯ ಒಗರು ಕಬ್ಬಿಣವನ್ನು ಕಟ್ಟಿಹಾಕಿ ಕರ್ರಗಾಗಿಸುತ್ತದೆ. ಕೂಸಿನ ಹೊಟ್ಟೆಯಲ್ಲೂ ಅದೇ ಕಟ್ಟು ಬಿದ್ದು, ನೀವು ದುಡ್ಡು ಕೊಟ್ಟು ತಂದ ಔಷಧಿ ಮೈಗೆ ಹತ್ತದೆ ಹೋಗುತ್ತದೆ. ತೇಯುವ ಕಲ್ಲಿನಿಂದ ಸೋಂಕು ಹತ್ತುವ ಭಯ ಬೇರೆ. ತಿಂಗಳು ತುಂಬದ ಕೂಸಿಗೆ ಗುಟ್ಟಿ ಬೇಡವೇ ಬೇಡ. ಒಂದು ವರ್ಷದವರೆಗೆ ಆಕಳ ಹಾಲು, ಎಮ್ಮೆ ಹಾಲು ಕುಡಿಸುವುದೂ ಬೇಡ: ಕಬ್ಬಿಣ ಕಡಿಮೆ, ಜೊತೆಗೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರಬಹುದು.

ಹನಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಕೂಸು ಸೋಂಕಿನಿಂದ ಆಸ್ಪತ್ರೆ ಸೇರಿದಾಗ, ಕರುಳಿನ ತೊಂದರೆಯಿಂದ ಹಾಲು ನಿಲ್ಲಿಸಿದಾಗ ವೈದ್ಯರು ಕಬ್ಬಿಣವನ್ನೂ ತಡೆಯುತ್ತಾರೆ. ಕೂಸಿಗೆ ರಕ್ತ ಹಾಕಿಸಿದ್ದರೆ ಅದನ್ನು ತಪ್ಪದೆ ಹೇಳಿ. ಹಾಕುವ ಕೆಂಪುಕಣಗಳ ಪ್ರತಿ ಮಿ.ಲೀ.ನಲ್ಲಿ ಮುಕ್ಕಾಲು ಮಿ.ಗ್ರಾಂ ಹತ್ತಿರ ಕಬ್ಬಿಣ ಇರುತ್ತದೆ. ಹಲವು ಸಲ ಹಾಕಿಸಿಕೊಂಡ ಕೂಸಿನ ಗಂಟು ತುಂಬಿಯೇ ಇರಬಹುದು, ಅಂಥವರಿಗೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿ ಆಮೇಲೆ ಶುರು. ಅದು 35ಕ್ಕಿಂತ ಕೆಳಗಿದ್ದರೆ ಕೊರತೆ, 300 ದಾಟಿದರೆ ಹನಿ ನಿಲ್ಲಿಸಬೇಕು. ಆದರೆ ಸೋಂಕಿದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತದೆ. ಹಿಮೋಗ್ಲೋಬಿನ್ ಈ ವಯಸ್ಸಿನಲ್ಲಿ ಇಳಿಯುವುದು ಸಹಜ. ಕೂಸಿನ ಮೂತ್ರಪಿಂಡ ರಕ್ತ ಹುಟ್ಟಿಸುವ ಹಾರ್ಮೋನನ್ನು ಇನ್ನೂ ಸಾಕಷ್ಟು ಮಾಡುತ್ತಿರುವುದಿಲ್ಲ. ಆ ಇಳಿತವನ್ನು ಕಬ್ಬಿಣ ತಡೆಯಲಾರದು, ‘ಔಷಧಿ ಹಾಕಿದರೂ ರಕ್ತ ಇಳಿಯಿತು’ ಎಂದು ಬೇಸತ್ತು ನಿಲ್ಲಿಸಬೇಡಿ. ರಕ್ತ ಮತ್ತೆ ಹುಟ್ಟಲು ಶುರುವಾದಾಗಲೇ ಕಬ್ಬಿಣದ ಅಗತ್ಯ ಜೋರಾಗುವುದು.

ಮನೆಯಲ್ಲಿ ನಿಜವಾದ ವಿಷವೆಂದರೆ ಬಾಣಂತಿಯ ಕೆಂಪು ಗುಳಿಗೆ. ಒಂದರಲ್ಲಿ 60 ಮಿ.ಗ್ರಾಂ ಕಬ್ಬಿಣ. ನೋಡಲು ಪೆಪ್ಪರಮಿಂಟಿನ ಹಾಗೆ. 10 ಕೆ.ಜಿ. ತೂಕದ ದೊಡ್ಡ ಮಗು ಹತ್ತು ನುಂಗಿದರೆ ಕೆ.ಜಿ.ಗೆ 60 ಆಯಿತು. ಮೊದಲು ವಾಂತಿ-ಭೇದಿ, ಆಮೇಲೆ ಕೆಲವು ತಾಸು ಆರಾಮಾದ ಹಾಗೆ ಕಂಡು ಮತ್ತೆ ಕುಸಿಯುತ್ತದೆ. ಆ ನಡುವಿನ ಆರಾಮವನ್ನು ನಂಬಿ ಮನೆಯಲ್ಲಿ ಕೂತರೆ ಕೈಮೀರುತ್ತದೆ. ವಾಂತಿ ಮಾಡಿಸಲು ಹೋಗದೆ, ಖಾಲಿ ಪಟ್ಟಿ ಹಿಡಿದು ಜಿಲ್ಲಾಸ್ಪತ್ರೆಗೆ ಓಡಬೇಕು. ಗುಳಿಗೆ, ಹನಿ ಎರಡೂ ಟ್ರಂಕಿನಲ್ಲಿ ಬೀಗದೊಳಗಿರಲಿ. ಬಿಸಿಲು ಬೀಳುವ ಕಿಟಕಿಯಲ್ಲಿ, ಒಲೆಯ ಹತ್ತಿರ ಇಡಬೇಡಿ.

ಎಲ್ಲಿಯವರೆಗೆ? ಕಡಿಮೆ ಎಂದರೂ 6 ತಿಂಗಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಎದೆಹಾಲು ಕುಡಿಯುವ ಇಂಥ ಕೂಸುಗಳಿಗೆ 12 ತಿಂಗಳವರೆಗೆ ಎನ್ನುತ್ತದೆ. ಮೇಲೂಟ ಸರಿಯಾಗಿ ಹಿಡಿಸುವವರೆಗೆ ನಿಲ್ಲಿಸದಿರುವುದೇ ನನ್ನ ಮತ. ಮೇಲೂಟ ಎಂದರೆ ಬರೀ ಅನ್ನದ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಅಲ್ಲ. ಚಹಾ ಅಳಲೆಕಾಯಿಯ ತಮ್ಮ, ಕಬ್ಬಿಣಕ್ಕೆ ಅದೇ ಕಟ್ಟು ಹಾಕುತ್ತದೆ. ಹೆಸರುಬೇಳೆ, ನುಗ್ಗೆಸೊಪ್ಪಿನ ಮೇಲೆ ನಾಲ್ಕು ಹನಿ ನಿಂಬೆ, ತಿನ್ನುವವರ ಮನೆಯಲ್ಲಿ ಮೊಟ್ಟೆ, ಚೆನ್ನಾಗಿ ಬೇಯಿಸಿ ಅರೆದ ಮಾಂಸ, ಇವು ಬೇಕು.

6 ತಿಂಗಳಾದಾಗ ಆಶಾ ಅವರು ಸರ್ಕಾರದ ಕಬ್ಬಿಣದ ಸಿರಪ್ ತಂದುಕೊಡುತ್ತಾರೆ: 1 ಮಿ.ಲೀ.ನಲ್ಲಿ 20 ಮಿ.ಗ್ರಾಂ, ವಾರಕ್ಕೆ ಎರಡು ಸಲ. ಅಂದರೆ ವಾರಕ್ಕೆ 40 ಮಿ.ಗ್ರಾಂ. 6 ಕೆ.ಜಿ. ಕೂಸಿಗೆ ಕೆ.ಜಿ.ಗೆ 2ರಂತೆ ದಿನಾ ಹಾಕಿದರೆ ವಾರಕ್ಕೆ 84 ಆಗುತ್ತದೆ. ಹಾಗಾಗಿ ದಿನದ ಹನಿಗೆ ಇದು ಪೂರ್ತಿ ಬದಲಿಯಲ್ಲ, ಎರಡನ್ನೂ ನೀವಾಗಿಯೇ ಒಟ್ಟಿಗೆ ನಡೆಸುವುದೂ ಸರಿಯಲ್ಲ. ದಿನದ ಹನಿ ನಡೆಯುತ್ತಿದೆ ಎಂದು ಆಶಾ ಅವರಿಗೂ, ಸಿರಪ್ ಬಂದಿದೆ ಎಂದು ವೈದ್ಯರಿಗೂ ಹೇಳಿ. ಯಾವುದು ಇರಬೇಕೆಂದು ಅವರು ತೀರ್ಮಾನಿಸಲಿ.

ಹನಿ ನಿಂತುಹೋಗುವುದು ಹೆಚ್ಚಾಗಿ ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬರುವಾಗ, ಇಲ್ಲವೇ ಮನೆಮಂದಿ ಗುಳೆ ಹೋಗುವಾಗ. ಬೆಂಗಳೂರಿನ ಶೆಡ್ಡಿನ ಹತ್ತಿರದ ಮೆಡಿಕಲ್‌ನಲ್ಲಿ ನಿಮ್ಮ ಹಳೆ ಬಾಟಲಿ ಸಿಗದೆ ಇರಬಹುದು. ತಾಯಿ ಕಾರ್ಡಿನ ಒಳಹಾಳೆಯಲ್ಲಿ ಈಗಲೇ ದೊಡ್ಡದಾಗಿ ಬರೆಸಿಕೊಳ್ಳಿ: ಹುಟ್ಟಿದ ವಾರ, ಹುಟ್ಟಿದ ತೂಕ, ಇವತ್ತಿನ ತೂಕ, ದಿನಕ್ಕೆ ಎಷ್ಟು ಮಿ.ಗ್ರಾಂ ಕಬ್ಬಿಣ, 1 ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಇರುವ ಬಾಟಲಿಯಿಂದ ಎಷ್ಟು ಮಿ.ಲೀ. ಮುಂದಿನ ಸಲ ತೂಕ ಹಾಕಿದಾಗ ಹಳೆ ಅಂಕಿಗೆ ಗೀಟು ಎಳೆದು ಕೆಳಗೆ ಹೊಸದನ್ನು ಬರೆಸಿ.